ಬಿಲ್ಲಿಲ್ಲದ ವಿದ್ಯುತ್ತಿಗೂ ಲೆಕ್ಕ ಬೇಕು



ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ತಮಗೆ ಹೊಸದಲ್ಲ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಶುಲ್ಕವಿಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆಯೂ ಬಂದಿತು. ಹಾಗಾದರೆ ಯೂನಿಟ್ಟಿನ ಲೆಕ್ಕ ನಮಗೇಕೆ ಎಂದು ಹಳ್ಳಿಗಳಲ್ಲಿ ಅನೇಕರು ಕೇಳುತ್ತಾರೆ.

2023ರ ಬರಗಾಲವನ್ನು ನೆನೆಯಿರಿ. ಜಲಾಶಯಗಳು ತುಂಬಲಿಲ್ಲ, ಬೇಡಿಕೆ ಏರಿತು. ಅಕ್ಟೋಬರಿನಲ್ಲಿ ಪಂಪ್‌ಸೆಟ್ಟುಗಳಿಗೆ ಏಳು ತಾಸಿನ ಬದಲು ಐದೇ ತಾಸು ವಿದ್ಯುತ್ ಎಂದಾಯಿತು. ಏಳು ತಾಸು ಮತ್ತೆ ಘೋಷಣೆಯಾದದ್ದು ನವೆಂಬರಿನಲ್ಲಿ. ರೂಪಾಯಿಯ ಬಿಲ್ಲು ಬಾರದಿದ್ದರೂ ತಾಸಿನ ಬಿಲ್ಲು ಬಂದೇ ಬರುತ್ತದೆ. ಸಿಗುವ ತಾಸಿನಲ್ಲಿ ಎಷ್ಟು ನೀರು ಮೇಲೆ ಬಂತು ಎಂಬುದೇ ಬೆಳೆಯ ಅಳಿವು ಉಳಿವಿನ ಪ್ರಶ್ನೆ.

ಡ್ರಮ್ಮಿನಿಂದ ತಪಾಸಣೆ

ಇದನ್ನು ತಾವೇ ಪರೀಕ್ಷಿಸಬಹುದು. ಪಂಪು ಅರ್ಧ ತಾಸು ಓಡಿದ ಮೇಲೆ 200 ಲೀಟರಿನ ಡ್ರಮ್ಮನ್ನು ಕೊಳವೆಯ ಬಾಯಿಗೆ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿರಿ. 80 ಸೆಕೆಂಡು ಎನ್ನಿ. ಅಂದರೆ ಗಂಟೆಗೆ 9,000 ಲೀಟರು. ಓಡುವಾಗಿನ ನೀರಿನ ಆಳ, ಕೊಳವೆಯ ಘರ್ಷಣೆ ಎಲ್ಲ ಸೇರಿ ಎತ್ತರ 60 ಮೀಟರು ಎಂದಿಟ್ಟುಕೊಳ್ಳೋಣ. ನಷ್ಟವೇ ಇಲ್ಲದಿದ್ದರೆ ಈ ಕೆಲಸಕ್ಕೆ ಒಂದೂವರೆ ಯೂನಿಟ್ಟು ಸಾಕು. ಆದರೆ 5 ಅಶ್ವಶಕ್ತಿಯ ಮೋಟಾರು ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು 5 ಯೂನಿಟ್ಟು ನುಂಗುತ್ತದೆ. ನೂರಕ್ಕೆ ಎಪ್ಪತ್ತು ಪಾಲು ಶಾಖವಾಗಿ, ಸವೆತವಾಗಿ, ಸೋರಿಕೆಯಾಗಿ ಹೋಯಿತು! ಅದೇ 5 ಯೂನಿಟ್ಟಿನಲ್ಲಿ ಒಳ್ಳೆಯ ಸೆಟ್ಟು 12,500 ಲೀಟರಿನಷ್ಟು ಎತ್ತಬಲ್ಲದು. ಏಳು ತಾಸಿಗೆ ಅಂತರ 24,500 ಲೀಟರು.

ಕಾರಣಗಳು ಗುಟ್ಟಿನವಲ್ಲ. ಆಳಕ್ಕೆ ಹೊಂದದ ಪಂಪು, ಸವೆದ ಇಂಪೆಲ್ಲರು, ಸಣ್ಣ ವ್ಯಾಸದ ಕೊಳವೆ, ಬೇಡದ ತಿರುವುಗಳು, ತೆರೆದ ಬಾವಿಯಲ್ಲಿ ಬಿಗಿಯಾದ ಫುಟ್‌ವಾಲ್ವು, ಮೇಲಿಂದ ಮೇಲೆ ಸುರುಳಿ ಸುತ್ತಿಸಿದ ಮೋಟಾರು. ಸುಟ್ಟ ಮೋಟಾರನ್ನು ಕಳಪೆಯಾಗಿ ಸುತ್ತಿಸಿದಷ್ಟೂ ಅದರ ಕ್ಷಮತೆ ಇಳಿಯುತ್ತದೆ. ಹೊಸದನ್ನು ಕೊಳ್ಳುವಾಗ ಐ.ಎಸ್.ಐ. ಗುರುತನ್ನೂ ನಕ್ಷತ್ರಗಳ ಚೀಟಿಯನ್ನೂ ನೋಡಿರಿ. ಸರಿಯಾದ ಅಳತೆಯ ಕೆಪಾಸಿಟರನ್ನು ಬಲ್ಲ ಕೆಲಸಗಾರನಿಂದ ಹಾಕಿಸಿರಿ. ಅದು ಯೂನಿಟ್ಟನ್ನು ಹೆಚ್ಚು ಉಳಿಸದು. ಆದರೆ ತಂತಿಯ ಮೇಲಿನ ಹೊರೆ ತಗ್ಗಿ, ವೋಲ್ಟೇಜು ಸುಧಾರಿಸುತ್ತದೆ. ವಿದ್ಯುತ್ ಬಂದೊಡನೆ ಎಲ್ಲರ ಆಟೋ ಸ್ಟಾರ್ಟರೂ ಒಮ್ಮೆಲೇ ಎಳೆದರೆ ಟ್ರಾನ್ಸ್‌ಫಾರ್ಮರು ಸುಡದೆ ಇನ್ನೇನಾದೀತು? ಅದು ಸುಟ್ಟು ದಿನಗಟ್ಟಲೆ ಕಾಯುವವರು ನಾವೇ.

ಒಂದು ಎಚ್ಚರಿಕೆ. ಹೆಚ್ಚು ನೀರು ಎತ್ತುವ ಪಂಪನ್ನು ಬಡಕಲು ಕೊಳವೆ ಬಾವಿಗೆ ಇಳಿಸಿದರೆ ಬಾವಿಯೇ ಬತ್ತೀತು. ಬಾವಿಯ ಇಳುವರಿಗೆ ತಕ್ಕ ಸಣ್ಣ ಪಂಪು, ಜೊತೆಗೆ ಹನಿ ನೀರಾವರಿ, ಇದೇ ಲೇಸಾದ ದಾರಿ.

ಮನೆ ಮತ್ತು ಗಿರಣಿ

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ಟು ಉಚಿತವೆಂಬುದು ತಪ್ಪು ತಿಳಿವಳಿಕೆ. 2022-23ರ ತಮ್ಮ ಮನೆಯ ತಿಂಗಳ ಸರಾಸರಿಗೆ ಸ್ವಲ್ಪ ಸೇರಿಸಿ ಮಿತಿ ಗೊತ್ತುಮಾಡುತ್ತಾರೆ. ಮಿತಿ ಮೀರಿದ್ದಕ್ಕೆ ಹಣ ತೆರಬೇಕು. 200 ದಾಟಿದರೆ ಇಡೀ ಬಿಲ್ಲು ತಮ್ಮದೇ. ಆದ್ದರಿಂದ ಒಂದು ವಾರ ಪ್ರತಿ ಸಂಜೆ ಮೀಟರಿನ ಅಂಕಿಯನ್ನು ಬರೆದಿಡಿರಿ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 9 ಯೂನಿಟ್ಟು. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಒಂದೂವರೆಯೂ ಆಗದು. 75 ವ್ಯಾಟಿನ ಫ್ಯಾನು ದಿನಕ್ಕೆ 10 ತಾಸು ತಿರುಗಿದರೆ 22 ಯೂನಿಟ್ಟು ದಾಟುತ್ತದೆ. 30 ವ್ಯಾಟಿನ ಹೊಸ ಬಗೆಯದಕ್ಕೆ 9 ಸಾಕು. ಎಲ್ಲ ಸ್ವಿಚ್ಚು ಆರಿಸಿದ ಮೇಲೂ ಮೀಟರಿನ ದೀಪ ಮಿಣುಕುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಕೂಡಲೇ ವೈರ್‌ಮನ್ನನಿಗೆ ತೋರಿಸಿರಿ.

ಹಿಟ್ಟಿನ ಗಿರಣಿಗೂ ಅಂಗಡಿಗೂ ಈ ರಿಯಾಯಿತಿಯಿಲ್ಲ. ಕಾಳು ಕೂಡಿಸಿಕೊಂಡು ಒಮ್ಮೆಲೇ ಬೀಸಿರಿ, ಸಡಿಲ ಬೆಲ್ಟು ಬಿಗಿ ಮಾಡಿರಿ, ತಂಪುಪೆಟ್ಟಿಗೆಯ ಬಾಗಿಲ ರಬ್ಬರು ನೋಡಿರಿ.

ಮಳೆ, ಬೀಜ, ಗೊಬ್ಬರದ ಲೆಕ್ಕ ಬರೆಯುವ ಪುಸ್ತಕದಲ್ಲಿ ಒಂದು ಪುಟ ವಿದ್ಯುತ್ತಿಗೂ ಇರಲಿ. ಮುಂದಿನ ಬರಗಾಲದಲ್ಲಿ ಆ ಪುಟವೇ ತಮ್ಮ ಕೈ ಹಿಡಿದೀತು.