ಗಾಯ ಮಾಯುವುದು ಎರಡು ಸಲ

ಕಿತ್ತೂರು, ಬೈಲಹೊಂಗಲ ಸೀಮೆಯ ಮಕ್ಕಳಿಗೆ ಕುದುರೆ ಎಂದೊಡನೆ ಕಣ್ಮುಂದೆ ಬರುವುದು ಖಡ್ಗ ಹಿಡಿದು ಕುದುರೆಯೇರಿದ ರಾಣಿ ಚೆನ್ನಮ್ಮನ ಪ್ರತಿಮೆ. ಪ್ರತಿಮೆಯ ಕುದುರೆಗೆ ಕಾಲು ನೋಯುವುದಿಲ್ಲ. ಜೀವಂತ ಕುದುರೆಗೆ ನೋಯುತ್ತದೆ. ಆ ನೋವು ವಾಸಿಯಾದ ಮೇಲೂ ಸವಾರನ ಮನಸ್ಸಿನಲ್ಲಿ ಅಂಜಿಕೆ ಉಳಿದುಬಿಡುತ್ತದೆ. ಮತ್ತೆ ಏರಿದರೆ ಕುದುರೆ ಮುಗ್ಗರಿಸೀತೇ ಎಂಬ ಅಂಜಿಕೆ ಅದು.

ಈ ಅಂಜಿಕೆಗೆ ಕಾರಣವಿಲ್ಲದಿಲ್ಲ. ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಗೆ ಮಾಂಸಖಂಡಗಳು ಇಲ್ಲವೆಂದೇ ಹೇಳಬಹುದು. ಅಲ್ಲಿರುವುದು ಎಲುಬು ಮತ್ತು ಹಗ್ಗದಂತಹ ಸ್ನಾಯುರಜ್ಜುಗಳು. ಓಡುವಾಗ ಇವು ರಬ್ಬರಿನಂತೆ ಹಿಗ್ಗಿ ಕುಗ್ಗಿ ಇಡೀ ದೇಹದ ಭಾರ ಹೊರುತ್ತವೆ. ಸ್ನಾಯುರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಆದ್ದರಿಂದ ಅದು ಹರಿದರೆ ಕೂಡಲು ಹಲವು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ಹೊಸದಾಗಿ ಬೆಳೆದ ಎಳೆಗಳು ಮೊದಲು ಅಡ್ಡಾದಿಡ್ಡಿಯಾಗಿರುತ್ತವೆ. ಮಿತವಾದ ಭಾರ ಬೀಳುತ್ತ ಹೋದಂತೆ ಅವು ಒಂದೇ ದಿಕ್ಕಿಗೆ ಜೋಡಣೆಗೊಂಡು ಗಟ್ಟಿಯಾಗುತ್ತವೆ. ಪೂರ್ಣ ವಿಶ್ರಾಂತಿಯೂ ಸಲ್ಲದು, ಅವಸರವೂ ಸಲ್ಲದು.

ಹೀಗಾಗಿ ಪಶುವೈದ್ಯರು ಮೆಟ್ಟಿಲು ಮೆಟ್ಟಿಲಾಗಿ ಸಾಗಿಸುತ್ತಾರೆ. ಮೊದಲು ಕೈಯಲ್ಲಿ ಹಗ್ಗ ಹಿಡಿದು ಕೆಲವು ನಿಮಿಷದ ನಡಿಗೆ, ನಂತರ ಸವಾರನೊಡನೆ ನಡಿಗೆ, ಆಮೇಲೆ ಕುಕ್ಕುಲೋಟ, ಕೊನೆಗೆ ಓಟ ಮತ್ತು ಜಿಗಿತ. ದಿನವೂ ಕಾಲು ಮುಟ್ಟಿ ನೋಡಬೇಕು. ಬಾವು ಬಂದಿದ್ದರೆ, ಬಿಸಿ ತಗುಲಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಕುಂಟುತ್ತಿದ್ದ ಎತ್ತು ಚೇತರಿಸಿಕೊಂಡ ಮರುದಿನವೇ ಅದನ್ನು ತುಂಬಿದ ಚಕ್ಕಡಿಗೆ ಹೂಡಬಾರದೆಂದು ಸವದತ್ತಿ, ರಾಮದುರ್ಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಸವಾರನ ಮಾತು. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗ ಸ್ವಾರಸ್ಯಕರವಾಗಿದೆ. ಕುದುರೆಯನ್ನು ನಡೆಸುವವರಿಗೂ ಏರಿದವರಿಗೂ, ‘ನಾಲ್ಕನೆಯ ಸುತ್ತಿನಲ್ಲಿ ಕುದುರೆಯ ಎದುರು ಛತ್ರಿ ಬಿಚ್ಚಲಾಗುವುದು’ ಎಂದು ತಿಳಿಸಲಾಯಿತು. ವಾಸ್ತವದಲ್ಲಿ ಛತ್ರಿ ಬಿಚ್ಚಲೇ ಇಲ್ಲ. ಆದರೂ ಆ ಸುತ್ತಿನಲ್ಲಿ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಏನೂ ತಿಳಿಯದ ಕುದುರೆಯದೂ ಏರಿತು! ಸವಾರನ ಬಿಗಿದ ಕಾಲು, ಎಳೆದ ಲಗಾಮು ಕುದುರೆಗೆ ಅಪಾಯದ ಸೂಚನೆಯಂತೆ ತೋರುತ್ತವೆ. ಆದ್ದರಿಂದ ಕುದುರೆಯ ಕಾಲು ಮಾಯ್ದರೆ ಸಾಲದು, ಸವಾರನ ಮನಸ್ಸೂ ಮಾಯಬೇಕು.

ಬೆಂಗಳೂರಿನ ಫೌವಾದ್ ಮಿರ್ಜಾ ಅವರ ಉದಾಹರಣೆ ನೋಡಿ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ‘ಸೆನ್ಯೂರ್ ಮೆಡಿಕಾಟ್’ ಎಂಬ ಕುದುರೆಯ ಮೇಲೆ ಅವರು ವೈಯಕ್ತಿಕ ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತೀಯರೊಬ್ಬರಿಗೆ ದೊರೆತ ಮೊದಲ ವೈಯಕ್ತಿಕ ಪದಕ ಅದು. ಆದರೆ ಆ ಬಳಿಕ ಕುದುರೆ ಗಾಯಗೊಂಡು ಸ್ಪರ್ಧೆಯಿಂದ ದೂರ ಉಳಿಯಬೇಕಾಯಿತು. ಮಿರ್ಜಾ ಅದನ್ನು ಅವಸರಪಡಿಸಲಿಲ್ಲ. 2019ರಲ್ಲಿ ಬೇರೆ ಕುದುರೆಗಳ ಮೇಲೆ ಸವಾರಿ ಮಾಡಿ ಒಲಿಂಪಿಕ್ ಅರ್ಹತೆ ಗಳಿಸಿದರು. 2021ರಲ್ಲಿ ಟೋಕಿಯೊಗೆ ಹೊರಡುವ ಮುನ್ನ ಮೊದಲು ಬೇರೊಂದು ಕುದುರೆಯನ್ನು ಹೆಸರಿಸಿದ್ದರೂ ಕೊನೆಗೆ ಚೇತರಿಸಿಕೊಂಡ ಮೆಡಿಕಾಟ್‌ನನ್ನೇ ನೆಚ್ಚಿದರು. ಆ ನೆಚ್ಚಿಕೆ ಸುಳ್ಳಾಗಲಿಲ್ಲ. ಜೋಡಿ ಅಂತಿಮ ಸುತ್ತು ತಲುಪಿ 23ನೇ ಸ್ಥಾನ ಪಡೆಯಿತು. ಪದಕ ಬರಲಿಲ್ಲ, ನಿಜ. ಆದರೆ ಗಾಯಗೊಂಡಿದ್ದ ಕುದುರೆ ಕಠಿಣವಾದ ಒಲಿಂಪಿಕ್ ಸ್ಪರ್ಧೆಯನ್ನು ಪೂರ್ತಿಗೊಳಿಸಿತು.

ವಿದ್ಯಾರ್ಥಿಗಳಿಗೂ ಪಾಲಕರಿಗೂ ಇಲ್ಲಿ ಪಾಠವಿದೆ. ಕಾಮಾಲೆ, ವಿಷಮಶೀತ ಜ್ವರದಿಂದ ಎದ್ದು ಶಾಲೆಗೆ ಮರಳಿದ ಮಗುವಿಗೆ ಮೊದಲ ವಾರವೇ ‘ಹಿಂದಿನ ಪಾಠವೆಲ್ಲ ಮುಗಿಸು’ ಎನ್ನುವುದು ತಪ್ಪು. ‘ಪಾಪ, ಕೈಲಾಗದು’ ಎಂದು ಕೂಡಿಸಿಬಿಡುವುದೂ ಅಷ್ಟೇ ತಪ್ಪು. ಇಂದು ಒಂದು ಲೆಕ್ಕ, ನಾಳೆ ಎರಡು. ದಣಿವು ಕಂಡರೆ ಒಂದು ದಿನ ಬಿಡುವು. ಪಾಲಕರ ಮುಖದ ಆತಂಕವನ್ನು ಮಗು ಓದುತ್ತದೆ, ಸವಾರನ ನಡುಕವನ್ನು ಕುದುರೆ ಓದಿದಂತೆಯೇ. ಧೈರ್ಯವೆಂಬುದು ಒಮ್ಮೆಲೇ ಜಿಗಿದು ಬರುವಂಥದಲ್ಲ. ನಿನ್ನೆಯ ಹೆಜ್ಜೆ ಕೆಡಲಿಲ್ಲವೆಂಬ ಅನುಭವ ದಿನದಿನಕ್ಕೆ ಕೂಡುತ್ತ ಹೋದರೆ ಅದೇ ಧೈರ್ಯವಾಗುತ್ತದೆ.