ಸಡಿಲಾದ ಬೀಡಿಂಗಿನ ಕೆಳಗೆ ಏನಿದೆ?

ಕಾರಿನ ಮುಂದಿನ ಗಾಜಿನ ಸುತ್ತ ಹೊಳೆಯುವ ಒಂದು ತೆಳು ಪಟ್ಟಿ ಇರುತ್ತದೆ. ವರ್ಕ್‌ಷಾಪಿನವರು ಅದನ್ನು ಬೀಡಿಂಗ್ ಎನ್ನುತ್ತಾರೆ. ಹಳೆಯ ಕಾರುಗಳಲ್ಲಿ ಅದು ಒಂದು ಮೂಲೆಯಲ್ಲಿ ಎದ್ದು ನಿಲ್ಲುವುದುಂಟು. ಆಗ ಏನು ಮಾಡಬೇಕು? “ಸ್ವಲ್ಪ ಅಂಟು ಹಾಕಿ ಒತ್ತಿಬಿಡು” ಎಂದು ಹೇಳುವವರೇ ಹೆಚ್ಚು. ಈ ಮಾತು ತಪ್ಪು ಎಂಬುದು ನಮ್ಮ ಅಭಿಪ್ರಾಯ. ತಪ್ಪು ಮಾತ್ರವಲ್ಲ, ಕೆಲಸ ಮಾಡುವವನಿಗೂ ಮಾಡಿಸುವವನಿಗೂ ಅದು ನಷ್ಟ.

ಇಷ್ಟು ಚಿಕ್ಕ ಸಂಗತಿಗೆ ಒಂದು ಪುಟವೇಕೆಂದು ವಾಚಕರು ಕೇಳಬಹುದು. ತೋಟದ ಲೈನುಗಳಲ್ಲಿ ಹುಟ್ಟಿದ ಹುಡುಗರು ಪೇಟೆಗೆ ಹೋಗಿ ಟಿಂಕರಿಂಗ್, ಪೈಂಟಿಂಗ್ ಕಲಿಯುವುದನ್ನು ನಾವು ಬಲ್ಲೆವು. ಅಂಥವರಿಗೂ, ಅವರನ್ನು ಕೆಲಸಕ್ಕೆ ಕಳುಹಿಸಿದ ತಂದೆತಾಯಿಗಳಿಗೂ ಈ ಮಾತು ಸಲ್ಲುತ್ತದೆ.

ಒಂದು ನಿಜವಾದ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕದ ಷೆವ್ರೊಲೆ ಕಂಪನಿ 1953ರಲ್ಲಿ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣದಲ್ಲಿ ಆ ವರ್ಷ ತಯಾರಾದದ್ದು 300 ಕಾರುಗಳು. ಅದರ ವಿಶೇಷವೆಂದರೆ ಹೊರಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. 1968ರಿಂದ 1982ರವರೆಗೆ ತಯಾರಾದ ಮೂರನೆಯ ತಲೆಮಾರಿನ ಕಾರ್ವೆಟ್ಟುಗಳನ್ನು ಇಂದಿಗೂ ಅಕ್ಕರೆಯಿಂದ ಸಾಕುವವರು ಅನೇಕರು. ಅವುಗಳಲ್ಲಿ ತೀರ ಎಳೆಯದಕ್ಕೂ 40 ವರ್ಷ ದಾಟಿದೆ.

ಫೈಬರ್ ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ. ಆದ್ದರಿಂದ ಈ ಕಾರಿಗೆ ತುಕ್ಕಿನ ಭಯವಿಲ್ಲವೆಂದು ಕೊಳ್ಳುವವರು ನಂಬುತ್ತಾರೆ. ಮೋಸ ಹೋಗುವುದು ಅಲ್ಲಿಯೇ. ಹೊರಮೈಯ ಒಳಗೆ ಉಕ್ಕಿನ ಒಂದು ಗೂಡು ಇದೆ. ಅಲ್ಲಿಯವರು ಅದನ್ನು ಹಕ್ಕಿಯ ಪಂಜರವೆಂದೇ ಕರೆಯುತ್ತಾರೆ. ಮುಂದಿನ ಗಾಜು ಕುಳಿತಿರುವುದು ಆ ಪಂಜರದ ಚೌಕಟ್ಟಿನಲ್ಲಿ. ಬಾಗಿಲುಗಳ ಕೀಲು ತೂಗುವುದೂ ಅದರ ಕಂಬಗಳಿಂದಲೇ. ಆ ಉಕ್ಕಿಗೆ ಮಾತ್ರ ತುಕ್ಕು ಚೆನ್ನಾಗಿಯೇ ಹಿಡಿಯುತ್ತದೆ.

ಈಗ ಬೀಡಿಂಗಿಗೆ ಬರೋಣ. ಅದನ್ನು ಹಿಡಿದು ನಿಲ್ಲಿಸಿರುವುದು ಅಂಟಲ್ಲ. ಚೌಕಟ್ಟಿಗೆ ಕೂರಿಸಿದ ಸಣ್ಣ ಕ್ಲಿಪ್ಪುಗಳು, ಕೆಲವು ಕಡೆ ಸ್ಕ್ರೂಗಳು ಅದನ್ನು ಹಿಡಿದಿರುತ್ತವೆ. ಹಾಗೆಯೇ, ನೀರನ್ನು ತಡೆಯುವುದು ಬೀಡಿಂಗಲ್ಲ; ಗಾಜಿಗೂ ಚೌಕಟ್ಟಿಗೂ ನಡುವೆ ತುಂಬಿದ ಬೇರೊಂದು ಅಂಟುಪದರ. ಬೀಡಿಂಗ್ ಆ ಸಂದನ್ನು ಮುಚ್ಚುವ ಮುಸುಕು ಅಷ್ಟೆ. ಅದರ ಕೆಳಗೆ ನೀರೂ ಧೂಳೂ ಸ್ವಲ್ಪ ಸೇರಿಯೇ ಸೇರುತ್ತವೆ.

ಬೀಡಿಂಗ್ ಸಡಿಲಾಗಲು ಮುಖ್ಯ ಕಾರಣಗಳು ಎರಡು. ಒಂದು, ಕ್ಲಿಪ್ಪು ಮುರಿದಿರುವುದು. ಅದು ಸಣ್ಣ ರಿಪೇರಿ. ಹೊಸ ಕ್ಲಿಪ್ಪು ಹಾಕಿದರೆ ತೀರಿತು. ಎರಡು, ಕ್ಲಿಪ್ಪು ಕಚ್ಚಿಕೊಂಡಿದ್ದ ಉಕ್ಕೇ ಕೊಳೆತು ಹೋಗಿರುವುದು. ಅದು ದೊಡ್ಡ ರಿಪೇರಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಬಿಚ್ಚಿ ನೋಡದೆ ಅಂಟು ಹಾಕಿದವನು ರೋಗ ಯಾವುದೆಂದು ಕೇಳದೆ ಮುಲಾಮು ಹಚ್ಚಿದವನಂತೆ.

ನಮ್ಮ ಲೈನು ಮನೆಯ ಮಾಡು ಸೋರಿದಾಗ ಏನಾಗುತ್ತದೆ? ಕೆಳಗೆ ಪಾತ್ರೆ ಇಟ್ಟರೆ ನೆಲ ಒದ್ದೆಯಾಗದು, ನಿಜ. ಆದರೆ ಶೀಟಿನ ಕೆಳಗಿನ ಮರ ಪ್ರತಿ ಮಳೆಗೂ ಕೊಳೆಯುತ್ತಲೇ ಇರುತ್ತದೆ. ಈ ಕಾರಿನಲ್ಲಿಯೂ ಹಾಗೆಯೇ. ಗಾಜಿನ ಮೂಲೆಯಲ್ಲಿ ಇಳಿದ ನೀರು ಕಂಬದ ಒಳಗೇ ಹರಿದು ಬುಡದಲ್ಲಿ ನಿಲ್ಲುತ್ತದೆ. ಕಾರ್ಪೆಟ್ ಒದ್ದೆಯಾಗುತ್ತದೆ, ಡ್ಯಾಷ್‌ಬೋರ್ಡಿನ ಕೆಳಗಿನ ವೈರುಗಳಿಗೂ ನೀರು ತಗಲುತ್ತದೆ. ಕೊನೆಗೆ ಒಂದು ದಿನ ಬಾಗಿಲು ಸರಿಯಾಗಿ ಮುಚ್ಚದು. ಹೊರಗೆ ಮಾತ್ರ ಪೈಂಟು ಕನ್ನಡಿಯಂತೆ ಹೊಳೆಯುತ್ತಿರುತ್ತದೆ.

ಅಂಟು ಹಾಕಿದರೆ ನೀರಾದರೂ ನಿಲ್ಲುವುದಲ್ಲವೇ ಎಂದು ಕೇಳಬಹುದು. ಇಲ್ಲ. ಒಳಗೆ ಸೇರಿದ ನೀರು ಹೊರಗೆ ಹೋಗದಂತೆ ಅದು ದಾರಿ ಕಟ್ಟುತ್ತದೆ. ವಿನೆಗರಿನ ವಾಸನೆ ಬರುವ ಸಾಮಾನ್ಯ ಸಿಲಿಕೋನಂತೂ ಒಣಗುವಾಗ ಆಮ್ಲವನ್ನು ಬಿಡುವುದರಿಂದ ಬರಿಯ ಉಕ್ಕಿಗೆ ತುಕ್ಕನ್ನೇ ತರುತ್ತದೆ. ಸಿಲಿಕೋನಿನ ಅಂಶ ಉಳಿದ ಜಾಗದಲ್ಲಿ ಮುಂದೆ ಪೈಂಟೂ ನಿಲ್ಲುವುದಿಲ್ಲ. ಇಂದು ಉಳಿಸಿದ ಹಣವನ್ನು ನಾಳೆ ಕೆಲಸ ಮಾಡುವವನ ಬೆವರು ತೀರಿಸಬೇಕಾಗುತ್ತದೆ.

ಬಿಚ್ಚುವ ಕೆಲಸ ಸುಲಭವೆಂದು ನಾವು ಹೇಳುವುದಿಲ್ಲ. ಬೀಡಿಂಗ್ ತೆಳುವಾದದ್ದು, ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ಮಡಿಚಿಕೊಳ್ಳುತ್ತದೆ, ಅಂಚಿಗೆ ಪೆಟ್ಟು ಬಿದ್ದರೆ ಗಾಜೂ ಸೀಳುತ್ತದೆ. ಈ ಭಯದಿಂದಲೇ ಎಷ್ಟೋ ಮೇಸ್ತ್ರಿಗಳು ಅಂಟಿನ ದಾರಿ ಹಿಡಿಯುತ್ತಾರೆ. ಅವರನ್ನು ಸುಮ್ಮನೆ ದೂರಲಾಗದು. ಆದರೆ ಕ್ರಮವಾಗಿ ಮಾಡಿದರೆ ಆಗುವ ಕೆಲಸವೇ ಇದು. ಮೊದಲು ಸುತ್ತಲಿನ ಪೈಂಟಿನ ಮೇಲೆ ಟೇಪು ಅಂಟಿಸಬೇಕು. ಸ್ಕ್ರೂ ಇದ್ದಲ್ಲಿ ಅದನ್ನು ಬಿಚ್ಚಬೇಕು. ಕ್ಲಿಪ್ಪು ಇದ್ದಲ್ಲಿ, ಅದಕ್ಕೆಂದೇ ಮಾಡಿದ ಚಪ್ಪಟೆ ಕೊಕ್ಕೆಯನ್ನು ಬೀಡಿಂಗಿನ ಕೆಳಗೆ ತೂರಿಸಿ ಒಂದೊಂದಾಗಿ ಬಿಡಿಸಬೇಕು. ಒಂದೇ ಕಡೆ ಹಿಡಿದು ಎಳೆಯಬಾರದು.

ಬಿಚ್ಚಿದ ಮೇಲೆ ಚೌಕಟ್ಟನ್ನು ಮೊನೆಯಿಂದ ಚುಚ್ಚಿ ನೋಡಬೇಕು. ತುಕ್ಕು ಮೇಲುಮೇಲಿನದಾದರೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹಾಕಿ, ಪೈಂಟು ಹೊಡೆದರೆ ಸಾಕು. ಮೊನೆ ಒಳಗೆ ಇಳಿದರೆ ಗಾಜನ್ನು ತೆಗೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ಉಕ್ಕನ್ನು ವೆಲ್ಡ್ ಮಾಡಬೇಕು. ಪಕ್ಕದಲ್ಲೇ ಫೈಬರ್ ಗ್ಲಾಸ್ ಇರುವುದರಿಂದ ಬೆಂಕಿ ತಗಲದಂತೆ ಎಚ್ಚರ ಬೇಕು. ಎಲ್ಲ ಮುಗಿದ ಮೇಲೆ, ಬೀಡಿಂಗ್ ಕೂರಿಸುವ ಮುಂಚೆ, ಒಬ್ಬರು ಒಳಗೆ ಕುಳಿತು ಇನ್ನೊಬ್ಬರು ಹೊರಗಿನಿಂದ ಪೈಪಿನ ನೀರು ಬಿಟ್ಟು ಪರೀಕ್ಷಿಸಬೇಕು. ನೀರನ್ನು ಕೆಳಗಿನಿಂದ ಮೇಲಕ್ಕೆ ಒಯ್ದರೆ ಸೋರುವ ಜಾಗ ತಪ್ಪದೆ ತಿಳಿಯುತ್ತದೆ. ಕಡೆಯಲ್ಲಿ ಹೊಸ ಕ್ಲಿಪ್ಪು ಹಾಕಿ ಬೀಡಿಂಗನ್ನು ಅಂಗೈಯಿಂದ ಒತ್ತಿದರೆ ಟಕ್ಕೆಂದು ಕೂರುತ್ತದೆ.

ಇಷ್ಟು ದುಡಿದ ಮೇಲೂ ಹೊರಗೆ ಕಾಣುವುದು ಮೊದಲಿದ್ದ ಅದೇ ಪಟ್ಟಿ. ಜಗಳ ಹುಟ್ಟುವುದು ಇಲ್ಲಿ. “ಒಂದು ಬೀಡಿಂಗಿಗೆ ಇಷ್ಟು ಬಿಲ್ಲೇ?” ಎಂದು ಮಾಲೀಕ ಸಿಡುಕುತ್ತಾನೆ. ಕಾಣದ ಕೆಲಸಕ್ಕೆ ಕೂಲಿ ಕೇಳುವುದು ಎಷ್ಟು ಕಷ್ಟವೆಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆ ಚಿಗುರುವ ಮುಂಚೆ ಗಿಡದ ಬುಡದಲ್ಲಿ ಬಗ್ಗಿ ಮಾಡಿದ ಕೆಲಸ ತೂಕದ ತಕ್ಕಡಿಗೆ ಬರುವುದಿಲ್ಲವಲ್ಲ!

ಆದ್ದರಿಂದ ನಮ್ಮ ಸಲಹೆ ಇದು. ಯುವಕರೇ, ಬೀಡಿಂಗ್ ಎತ್ತಿ ನೋಡುವ ಮುಂಚೆ ಪೂರ್ತಿ ರಿಪೇರಿಯ ಬೆಲೆ ಹೇಳಬೇಡಿ. ಬಿಚ್ಚಿ ನೋಡುವುದಕ್ಕೆ ಇಷ್ಟು, ರಿಪೇರಿಗೆ ಎಷ್ಟಾಗುವುದೆಂದು ನೋಡಿದ ಮೇಲೆ ಹೇಳುತ್ತೇನೆ ಎಂದು ಎರಡು ಮಾತಾಗಿ ಒಪ್ಪಂದ ಮಾಡಿಕೊಳ್ಳಿ. ಬಿಚ್ಚಿದ ಮೇಲೆ ಮಾಲೀಕನನ್ನು ಕರೆದು ಅವನ ಕಣ್ಣಿಗೇ ತೋರಿಸಿರಿ. ಕ್ಲಿಪ್ಪು ಮಾತ್ರ ಮುರಿದಿದ್ದರೆ ಕ್ಲಿಪ್ಪಿನ ಹಣ ಮಾತ್ರ ತೆಗೆದುಕೊಳ್ಳಿರಿ; ಸುಳ್ಳು ತುಕ್ಕು ತೋರಿಸಬೇಡಿರಿ. ಉಕ್ಕು ಕೊಳೆತಿದ್ದರೆ, ಅಂಟು ಹಾಕಿಕೊಡು ಎಂದು ಎಷ್ಟು ಒತ್ತಾಯ ಮಾಡಿದರೂ ಒಲ್ಲೆನೆನ್ನಿರಿ.

ಒಲ್ಲೆನೆಂದರೆ ಗಿರಾಕಿ ಬೇರೆ ಕಡೆ ಹೋಗಬಹುದು. ಹೋಗಲಿ. ಆ ಕಾರಿನಲ್ಲಿ ಕುಳಿತವರ ತಲೆಯ ಮೇಲಿನ ಚೌಕಟ್ಟು ಕೊಳೆತಿದೆ ಎಂದು ತಿಳಿದೂ ಅದರ ಮೇಲೆ ಹೊಳಪು ಒತ್ತಿ ಕಳುಹಿಸಿದ ಕೈ ನಮ್ಮದಾಗದಿರಲಿ.