ವಯನಾಡು: ಬಾವಿಯ ನೀರಿಗೆ ಲೆಕ್ಕವಿದೆ, ಅದರೊಳಗಿನ ವಿಷಕ್ಕಿಲ್ಲ

ಕಲ್ಪೆಟ್ಟ: ವಯನಾಡಿನ ಬಾವಿಗಳಲ್ಲಿ ನೀರು ಎಷ್ಟು ಇಳಿದಿದೆ, ಎಷ್ಟು ಏರಿದೆ ಎಂಬುದಕ್ಕೆ ಸರಕಾರದ ಬಳಿ ಲೆಕ್ಕವಿದೆ. ಕೇಂದ್ರ ಅಂತರ್ಜಲ ಮಂಡಳಿ ಗುರುತಿಸಿದ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಬಾರಿ ನೀರಿನ ಮಟ್ಟ ಅಳೆಯಲಾಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ಮಾದರಿ ಸಂಗ್ರಹಿಸಿ ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್ ಮುಂತಾದವನ್ನು ಪರೀಕ್ಷಿಸುತ್ತಾರೆ. ಈ ವಾಡಿಕೆಯ ಪರೀಕ್ಷೆಯಲ್ಲಿ ಕೀಟನಾಶಕಕ್ಕೆ ಸ್ಥಾನವಿಲ್ಲ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಗಳಿಗೆ ಕೊಟ್ಟ ಪರೀಕ್ಷಾ ಕಿಟ್‌ಗಳಿಂದಲೂ ಅದು ಪತ್ತೆಯಾಗುವುದಿಲ್ಲ. ಅಲ್ಲೊಂದು ಇಲ್ಲೊಂದು ವಿಶೇಷ ಅಧ್ಯಯನ ನಡೆದರೂ ವರ್ಷ ವರ್ಷ ಹೋಲಿಸಿ ನೋಡಬಹುದಾದ ದಾಖಲೆ ಇಲ್ಲ.

ವಯನಾಡಿಗೆ ಇದು ಸಣ್ಣ ಕೊರತೆಯಲ್ಲ. ಇಲ್ಲಿನ ತಗ್ಗಿನ ಗದ್ದೆಗಳಲ್ಲಿ ಭತ್ತ ಹಿಂದೆ ಸರಿದು ನೇಂದ್ರ ಬಾಳೆ ಬಂದು ದಶಕಗಳೇ ಕಳೆದಿವೆ. ಜೊತೆಗೆ ಶುಂಠಿ. ಬಾಳೆಯ ಗೆಡ್ಡೆ ಕೊರೆಯುವ ಹುಳ ಹಾಗೂ ಬೇರಿನ ಜಂತುಹುಳಗಳಿಗೆ ರೈತರು ಬುಡಕ್ಕೆ ಹಾಕುತ್ತಿದ್ದುದು ಫ್ಯುರಡಾನ್, ಫೋರೇಟ್ ಹರಳುಗಳನ್ನು. ತಗ್ಗಿನ ಗದ್ದೆಯಲ್ಲಿ ನೀರು ನೆಲದಿಂದ ಕೆಲವೇ ಅಡಿ ಕೆಳಗಿರುತ್ತದೆ. ಆದಿವಾಸಿಗಳು ತಲೆಮಾರುಗಳಿಂದ ನೀರು ತರುವ, ಮರದ ಕಾಂಡ ಇಳಿಸಿ ಕಟ್ಟಿದ 'ಕೇಣಿ' ಎಂಬ ಪುಟ್ಟ ಬಾವಿಗಳಿರುವುದೂ ಇಂಥ ಗದ್ದೆಗಳ ಬದಿಯಲ್ಲೇ. ಪಣಿಯರು ಏಡಿ, ಮೀನು, ಸೊಪ್ಪು ಆರಿಸುವುದೂ ಅಲ್ಲೇ.

ಫ್ಯುರಡಾನ್‌ನಲ್ಲಿರುವ ಕಾರ್ಬೋಫ್ಯುರಾನ್ ನೀರಿನಲ್ಲಿ ಸುಲಭವಾಗಿ ಕರಗಿ ಮಣ್ಣಿನೊಳಗೆ ಇಳಿಯುತ್ತದೆ. ಕ್ಷಾರೀಯ ಮಣ್ಣಿನಲ್ಲಿ ಅದು ಬೇಗ ಒಡೆದುಹೋಗುತ್ತದೆ, ಹುಳಿ ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ವಯನಾಡಿನದು ಹುಳಿ ಮಣ್ಣು!

ಕೇರಳ ಸರಕಾರ 2011ರಲ್ಲಿ ಕಾರ್ಬೋಫ್ಯುರಾನ್, ಫೋರೇಟ್ ಸೇರಿದಂತೆ ಹಲವು ಕೀಟನಾಶಕಗಳನ್ನು ನಿಷೇಧಿಸಿತು. ಫೋರೇಟ್‌ಗೆ ದೇಶವ್ಯಾಪಿ ನಿಷೇಧ ಜಾರಿಯಾದದ್ದು 2020ರ ಕೊನೆಗೆ. ಕಾರ್ಬೋಫ್ಯುರಾನ್ ದೇಶದ ಉಳಿದೆಡೆ ಇನ್ನೂ ಪೂರ್ತಿ ನಿಂತಿಲ್ಲ. ಗಡಿಯಾಚೆ ಗುಂಡ್ಲುಪೇಟೆ, ಎಚ್.ಡಿ. ಕೋಟೆ ಇರುವಾಗ ಒಂದು ರಾಜ್ಯದ ಆದೇಶ ಎಷ್ಟು ದೂರ ನಡೆದೀತು? ನಿಷೇಧಿತ ಮದ್ದು ಗಡಿ ದಾಟಿ ಬರುತ್ತದೆ ಎಂಬ ದೂರು ಹಳೆಯದು. ನಿಷೇಧ ಫಲ ಕೊಟ್ಟಿದೆಯೇ ಎಂಬುದನ್ನು ಅಂಗಡಿಯ ರಸೀದಿ ಹೇಳುವುದಿಲ್ಲ, ಬಾವಿಯ ನೀರು ಹೇಳಬೇಕು.

ಆ ನೀರನ್ನು ಅಳೆಯುವ ಗಜಕಡ್ಡಿಯೂ ಸರಿಯಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ, ಅಂದರೆ ಐಎಸ್ 10500, 2012ರಲ್ಲಿ ಪರಿಷ್ಕೃತವಾದಾಗ ಕೀಟನಾಶಕಗಳ ಒಂದು ಪಟ್ಟಿ ಕೊಟ್ಟಿತು. ಫೋರೇಟ್‌ಗೆ ಲೀಟರಿಗೆ 2 ಮೈಕ್ರೋಗ್ರಾಂ, ಎಂಡೋಸಲ್ಫಾನ್‌ಗೆ 0.4 ಮೈಕ್ರೋಗ್ರಾಂ ಮಿತಿ. ಕಾರ್ಬೋಫ್ಯುರಾನ್ ಆ ಪಟ್ಟಿಯಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ 7 ಮೈಕ್ರೋಗ್ರಾಂ ಮಿತಿ ಸೂಚಿಸಿದೆ. ಇನ್ನೊಂದೆಡೆ, 2003ರ ವಿವಾದದ ನಂತರ ಬಾಟಲಿ ನೀರಿಗೆ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ಮೀರಬಾರದು ಎಂಬ ನಿಯಮ ಬಂತು. ದುಡ್ಡು ಕೊಟ್ಟು ಕುಡಿಯುವವನಿಗೊಂದು ನ್ಯಾಯ, ಸೇದಿ ಕುಡಿಯುವವನಿಗೊಂದು ನ್ಯಾಯ.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಿಲ್ಲ. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಮಕ್ಕಳ ಕಾಯಿಲೆಗಳನ್ನು ಮೊದಲು ಗುರುತಿಸಿದ್ದು ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಅದನ್ನು ಹೊರಜಗತ್ತಿಗೆ ಮುಟ್ಟಿಸಿದ್ದು ಪತ್ರಕರ್ತ ಶ್ರೀಪಡ್ರೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ನೀರು, ಮಣ್ಣು, ರಕ್ತದಲ್ಲಿ ಎಂಡೋಸಲ್ಫಾನ್ ಇದೆ ಎಂದಿತು. ಇನ್ನೊಂದು ಅಧ್ಯಯನ ಅದನ್ನು ಒಪ್ಪಲಿಲ್ಲ. ಸಿಂಪಡಣೆ ನಡೆದ ವರ್ಷಗಳಲ್ಲಿ ಬಾವಿ ನೀರಿನ ಕ್ರಮಬದ್ಧ ಪರೀಕ್ಷೆ ನಡೆದಿದ್ದರೆ ಇಷ್ಟು ವಾಗ್ವಾದಕ್ಕೆ ಎಡೆಯಿರುತ್ತಿರಲಿಲ್ಲ. ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 2017 ಬಂದಿತ್ತು. ನೊಂದವರೇ ತಮ್ಮ ನೋವಿಗೆ ಪುರಾವೆ ಹುಡುಕಬೇಕಾಯಿತು.

ವಯನಾಡಿನ ವಿಷಯ ವಯನಾಡಿಗಷ್ಟೇ ಸೇರಿದ್ದೂ ಅಲ್ಲ. ಪನಮರಂ ಮತ್ತು ಮಾನಂತವಾಡಿ ಹೊಳೆಗಳು ಕೂಡಿ ಕಬಿನಿಯಾಗುತ್ತವೆ. ಕಬಿನಿ ಎಚ್.ಡಿ. ಕೋಟೆಯ ಬೀಚನಹಳ್ಳಿ ಜಲಾಶಯ ತುಂಬಿ, ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರಿಗೆ ಕಾವೇರಿ ನೀರೆತ್ತುವುದು ಅದಕ್ಕಿಂತ ಕೆಳಗೆ. ಮದ್ದು ಮೇಲಕ್ಕೆ ಹೋಗುತ್ತದೆ, ನೀರು ಕೆಳಕ್ಕೆ ಬರುತ್ತದೆ. ನೀರಿನ ಪಾಲಿಗಾಗಿ ದಶಕಗಟ್ಟಲೆ ಜಗಳವಾಡಿದ ರಾಜ್ಯಗಳು ಅದರ ಗುಣಮಟ್ಟದ ಬಗ್ಗೆ ಕೂತು ಮಾತಾಡಬೇಕಿದೆ.

ಮಾಡಬೇಕಾದ ಕೆಲಸ ಅಸಾಧ್ಯದ್ದಲ್ಲ. ಜಿಲ್ಲೆಯಲ್ಲಿ 23 ಗ್ರಾಮ ಪಂಚಾಯತುಗಳಿವೆ. ಪ್ರತಿ ಪಂಚಾಯತಿನಲ್ಲಿ ಬಾಳೆ, ಶುಂಠಿ ಹೊಲಗಳ ಕೆಳಬದಿಯ ನಾಲ್ಕು ಬಾವಿ ಅಥವಾ ಕೇಣಿ, ಹೋಲಿಕೆಗೆ ಕಾಡಂಚಿನ ಒಂದು ಬಾವಿ ಆಯ್ದು ವರ್ಷಕ್ಕೆ ಮೂರು ಬಾರಿ ಪರೀಕ್ಷಿಸಿದರೆ ಒಟ್ಟು 345 ಮಾದರಿ. ಬೇಸಿಗೆಯ ಒಂದು ಮಾದರಿ ಸಾಲದು. ಹರಳು ಕರಗಿ ಇಳಿಯುವುದು ಮೊದಲ ಮಳೆಗಳಲ್ಲಿ, ಆಗಲೇ ನೀರು ತೆಗೆಯಬೇಕು. ತರಕಾರಿಯಲ್ಲಿನ ಕೀಟನಾಶಕದ ಶೇಷ ಪರೀಕ್ಷಿಸುವ ಕೇರಳ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯ ತಿರುವನಂತಪುರದ ವೆಳ್ಳಾಯಣಿಯಲ್ಲಿದೆ. ಅಂಥ ಸೌಲಭ್ಯ ಜಿಲ್ಲೆಗೆ ಹತ್ತಿರ ಬೇಕು. ಫಲಿತಾಂಶ ಕಡತ ಸೇರದೆ ಪಂಚಾಯತು ಕಚೇರಿಯ ಫಲಕಕ್ಕೆ ಬರಬೇಕು.

ಬೆಳೆಯ ಹೆಸರು ಕೆಡುತ್ತದೆ ಎಂದು ಅಂಜುವ ರೈತರಿದ್ದಾರೆ. ಆ ಅಂಜಿಕೆ ಸುಳ್ಳಲ್ಲ. ಆದರೆ ಒಂದೆರಡು ವರ್ಷಕ್ಕೆ ನೆಲ ಗುತ್ತಿಗೆ ಹಿಡಿದು ಶುಂಠಿ ಬೆಳೆದವನು ಮುಂದಿನ ನೆಲಕ್ಕೆ ಹೋಗುತ್ತಾನೆ. ಹೊಲದ ಒಡೆಯ, ಕೂಲಿಯಾಳು, ಅವರ ಮಕ್ಕಳು ಅದೇ ಬಾವಿಯ ನೀರು ಕುಡಿಯುತ್ತಾ ಇಲ್ಲೇ ಉಳಿಯುತ್ತಾರೆ. ನೀರು ಶುದ್ಧವಾಗಿದ್ದರೆ ಆ ದಾಖಲೆ ಅವರಿಗೇ ಆಧಾರ. ಇಲ್ಲವಾದರೆ ಅದನ್ನು ಮೊದಲು ತಿಳಿಯಬೇಕಾದವರೂ ಅವರೇ.